ಬಂಗುಡೆ ಭಾವನ ಕಣ್ಣು

ಎಚ್ಚರವಾದ ಕೂಡಲೇ ಕಣ್ಣು ಮಿಟುಕಿಸಬಾರದು. ಇದನ್ನು ನನಗೆ ಯಾವ ವೈದ್ಯರೂ ಹೇಳಿಕೊಟ್ಟದ್ದಲ್ಲ, ನೋವೇ ಕಲಿಸಿದ್ದು. ಅವಸರದಲ್ಲಿ ಮಿಟುಕಿಸಿದರೆ ರೆಪ್ಪೆಯ ಒಳಗೆ ಕಾಪುವಿನ ಕಡಲ ಮರಳನ್ನು ಒಂದು ಚಿಟಿಕೆ ಹಾಕಿ ತಿಕ್ಕಿದ ಹಾಗೆ ಆಗುತ್ತಿತ್ತು. ಬಲಗಣ್ಣಿನಲ್ಲಂತೂ ರೆಪ್ಪೆ ಗುಡ್ಡೆಗೇ ಅಂಟಿಕೊಂಡಿರುತ್ತಿತ್ತು. ಹಾಗಾಗಿ ಎದ್ದ ಮೇಲೂ ಐದು ನಿಮಿಷ ಅಲುಗಾಡದೆ ಮಲಗಿದ್ದು, ಆಕಳಿಕೆ ತಂದುಕೊಂಡು, ಆಕಳಿಕೆಯ ಜತೆ ಬರುವ ಒಂದು ಹನಿ ನೀರಿಗೆ ಕಾದು, ಆಮೇಲೆ ರೆಪ್ಪೆ ಆಡಿಸುತ್ತಿದ್ದೆ.

ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಅದಕ್ಕೂ ಮೊದಲೇ ಇತ್ತು ಎಂದು ಅನಿಸುತ್ತದೆ. ಆದರೆ ಈಗ ಗೊತ್ತಿರುವುದನ್ನೆಲ್ಲ ಹಿಂದಕ್ಕೆ ಸುರಿದುಕೊಂಡು ಹಾಗೆ ಅನಿಸುತ್ತಿರಬಹುದು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಮನುಷ್ಯರ ನೆನಪನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಬಾರದು ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಬೆಳಗಿನ ಮೊದಲ ಪಿರಿಯಡ್ಡಿನಲ್ಲಿ ನನ್ನ ಕೆಂಪು ಕಣ್ಣು ನೋಡಿ ಹಿಂದಿನ ಬೆಂಚಿನವರು ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು ನೇರವಾಗಿಯೇ ಕೇಳಿದ್ದರು: “ಎಂತ ಸಾರ್, ನಿನ್ನೆ ಜೋರಿತ್ತಾ?” ನಾನು ಕುಡಿಯುವವನಲ್ಲ.

ಅಭ್ಯಾಸದ ಪ್ರಕಾರ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಬೆಳಿಗ್ಗೆ ಉರಿಗೆ ಸೊನ್ನೆಯಿಂದ ಐದರವರೆಗೆ ಅಂಕ. ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನು ಸರಿಯಾಗಿ ನನ್ನ ಮುಖದ ಮೇಲೆಯೇ ತಿರುಗುವುದರಿಂದ ಮೊದಲ ಅನುಮಾನ ಅದರ ಮೇಲೆ. ಎರಡು ವಾರ ಫ್ಯಾನು ಬಂದ್. ಆಮೇಲೆ ಎರಡು ವಾರ ಏಸಿ ಬಂದ್. ಧೂಳಿನ ಸೀನಿಗೆ ನಾನು ನುಂಗುತ್ತಿದ್ದ ಮಾತ್ರೆ ಮೂಗಿನ ನೀರಿನ ಜತೆ ಕಣ್ಣಿನ ನೀರನ್ನೂ ಒಣಗಿಸುತ್ತದೆ ಎಂದು ತಿಳಿದು ಅದನ್ನೂ ಬಿಟ್ಟೆ. ಮೊಬೈಲು, ಕಂಪ್ಯೂಟರು ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಮ್ಮಿಯಂತೆ. ಮಲಗುವ ಒಂದು ಗಂಟೆ ಮೊದಲೇ ಮೊಬೈಲನ್ನು ಹೊರಕೋಣೆಯಲ್ಲಿಟ್ಟು ಬರತೊಡಗಿದೆ. ರೆಪ್ಪೆಯ ಅಂಚಿನಲ್ಲಿ ಎಣ್ಣೆಯ ಸಣ್ಣ ಗ್ರಂಥಿಗಳಿವೆ, ಅವು ಕಟ್ಟಿಕೊಂಡರೆ ಕಣ್ಣೀರು ಬೇಗ ಆರುತ್ತದೆ. ಅದಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಿಕ್ಕದ್ದೆಲ್ಲ ಇದ್ದ ಹಾಗೆಯೇ.

ಎಂಟು ತಿಂಗಳ ಅಂಕಗಳನ್ನು ಹಾಕಿ ನೋಡಿದರೆ ತಲೆಬುಡ ಇಲ್ಲ. ಫ್ಯಾನು ಇದ್ದ ದಿನವೂ ಸೊನ್ನೆ ಉಂಟು, ಇಲ್ಲದ ದಿನವೂ ಐದು ಉಂಟು. ಒಂದೇ ಒಂದು ವಿಷಯ ಎದ್ದು ಕಾಣುತ್ತಿತ್ತು: ಹೆಂಡತಿ ಕಾರ್ಕಳದ ತವರಿಗೆ ಹೋದ ದಿನಗಳಲ್ಲೆಲ್ಲ ನಾಲ್ಕು ಅಥವಾ ಐದು. ಅದಕ್ಕೂ ನಾನು ಒಂದು ಕಾರಣ ಬರೆದಿಟ್ಟೆ. ಅವಳು ಇಲ್ಲದಾಗ ನಾನು ತಡವಾಗಿ ಮಲಗುತ್ತೇನೆ, ಕೆಟ್ಟದಾಗಿ ಉಣ್ಣುತ್ತೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಆ ಸಾಲು ಈಗಲೂ ಅಲ್ಲಿದೆ. ಆ ಸಾಲನ್ನು ಅವಳಿಗೆ ಓದಿ ಹೇಳಿದ್ದೆ ಕೂಡ. ಅವಳು ಬಟ್ಟೆ ಮಡಚುತ್ತ, “ಹೌದೌದು” ಎಂದಿದ್ದಳು.

ಕೊನೆಗೆ ಅಂಬಲಪಾಡಿಯ ಹತ್ತಿರದ ಒಬ್ಬ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಹೆಂಡತಿಯೂ ಬಂದಿದ್ದಳು. ಡಾಕ್ಟರು ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ದೀಪ ಹಿಡಿದು, ಬಹಳ ಹೊತ್ತು ನೋಡಿದರು. ಕರಿಗುಡ್ಡೆಯ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಒಣಗಿದ ಪಟ್ಟಿ ಕಾಣುತ್ತದೆ ಎಂದರು. “ನಿದ್ದೆಯಲ್ಲಿ ನಿಮ್ಮ ಕಣ್ಣು ಪೂರ್ತಿ ಮುಚ್ಚುತ್ತದಾ?”

ಅದನ್ನು ನಾನು ಹೇಗೆ ಹೇಳಲಿ? ನಿದ್ದೆ ಮಾಡುವವನಿಗೆ ಅದು ಗೊತ್ತಾಗುವುದಿಲ್ಲ. ಹೆಂಡತಿಯ ಕಡೆ ತಿರುಗಿದೆ. ಡಾಕ್ಟರೂ ತಿರುಗಿದರು.

“ಮುಚ್ಚುತ್ತದೆ” ಎಂದಳು.

“ಸರಿಯಾಗಿ ನೋಡಿದ್ದೀರಾ? ಕೆಲವರಿಗೆ ಒಂದು ನೂಲಿನಷ್ಟು ತೆರೆದಿರ್ತದೆ.”

“ಮುಚ್ಚುತ್ತದೆ ಡಾಕ್ಟ್ರೇ.”

ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಅವಳ ಮಾತನ್ನು ಡಾಕ್ಟರು ನಂಬಿದರು, ನಾನೂ ನಂಬಿದೆ. ಹಗಲು ನಾಲ್ಕು ಸಲ ಬಿಡಲು ಕೃತಕ ಕಣ್ಣೀರಿನ ಹನಿ, ಶಾಖ ಮುಂದುವರಿಸಿ, ಕಣ್ಣು ಉಜ್ಜಬೇಡಿ, ಅಂಗಡಿಯಲ್ಲಿ ಸಿಗುವ ಕೆಂಪು ಹೋಗಲಾಡಿಸುವ ಹನಿ ಮಾತ್ರ ಬೇಡವೇ ಬೇಡ. ಹೊರಡುವಾಗ ಒಂದು ಮಾತು ಸೇರಿಸಿದರು: ಈ ಪಟ್ಟಿ ಹೀಗೇ ಒಣಗುತ್ತ ಹೋದರೆ ಕಲೆಯಾಗುತ್ತದೆ, ಕಲೆ ನಡುವಿಗೆ ಬಂದರೆ ದೃಷ್ಟಿ ಮಂಜಾಗುತ್ತದೆ. ಇದನ್ನು ಹೇಳುವಾಗ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಇಲ್ಲಿ ನನ್ನ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಅಂದಿನ ಮದ್ದಿನ ಚೀಟಿಯ ಹಿಂಭಾಗದಲ್ಲಿ ಡಾಕ್ಟರು ಕಣ್ಣಿನ ಚಿತ್ರ ಬರೆದು ತೋರಿಸಿದ್ದಾರೆ, ಅದು ನನ್ನ ಬಳಿ ಉಂಟು.

ಒಂದು ವರ್ಷ ಹನಿ ಬಿಟ್ಟೆ. ಹಗಲು ಹಾಯೆನಿಸುತ್ತಿತ್ತು. ಬೆಳಗಿನ ಉರಿ ಹಾಗೆಯೇ.

ಇಷ್ಟರ ನಡುವೆ ನನ್ನ ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕಾಪುವಿನ ಮನೆಯಲ್ಲಿ ನಾನು ಸಣ್ಣವನಾಗಿದ್ದಾಗ ಮಧ್ಯಾಹ್ನದ ಹೊತ್ತು ಚಾಪೆಯಲ್ಲಿ ಮಲಗಿದರೆ ಅಮ್ಮ ಬಂದು ಹಣೆಯಿಂದ ಕೆಳಕ್ಕೆ ಅಂಗೈ ಇಳಿಸಿ ನನ್ನ ಎರಡೂ ಕಣ್ಣನ್ನು ಮುಟ್ಟುತ್ತಿದ್ದರು. ದೀಪಕ್ಕೆ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಆ ರೀತಿ. ಕೈಯಲ್ಲಿ ಕೊತ್ತಂಬರಿಯ ವಾಸನೆ. ಅಮ್ಮ ಮಾತಿನಲ್ಲಿ ಪ್ರೀತಿ ತೋರಿಸಿದವರಲ್ಲ, ಹೊಗಳಿದ್ದಂತೂ ಇಲ್ಲವೇ ಇಲ್ಲ. ಹಾಗಾಗಿ ಆ ಅಂಗೈ ನನಗೆ ದೊಡ್ಡದಾಗಿತ್ತು. ಮದುವೆಯಾದ ಹೊಸತರಲ್ಲಿ ಇದನ್ನು ಹೆಂಡತಿಗೆ ಹೇಳಿದ್ದೆ. ಅಮ್ಮನ ಉತ್ತರಕ್ರಿಯೆಯ ದಿನ ಬಂದವರೆದುರು ಹೇಳಿ ಅತ್ತಿದ್ದೆ. ಆಗ ಹೆಂಡತಿ ನನ್ನ ಬೆನ್ನು ಸವರಿದ್ದಳು.

ಕಳೆದ ಮೇ ತಿಂಗಳ ರಜೆಯಲ್ಲಿ ಕಾರ್ಕಳಕ್ಕೆ ಹೋದೆವು. ಹೆಂಡತಿಯ ತವರು ಪೇಟೆ ದಾಟಿ ಬಜಗೋಳಿಗೆ ಹೋಗುವ ರಸ್ತೆಯಲ್ಲಿದೆ. ಅಲ್ಲಿ ಅತ್ತೆ ಮತ್ತು ಹೆಂಡತಿಯ ತಮ್ಮ. ಗಲಾಟೆಯ ಮನೆ, ನಗುವಿನ ಮನೆ. ನಮ್ಮ ಕಾಪುವಿನ ಮನೆಯಲ್ಲಿ ನಗು ಕಮ್ಮಿ ಇದ್ದುದರಿಂದ ನನಗೆ ಅಲ್ಲಿಗೆ ಹೋಗುವುದು ಇಷ್ಟ. ಊಟಕ್ಕೆ ಕೂತರೆ ಒಂದು ಪದ್ಧತಿ ಇತ್ತು: ಹುಳಿಖಾರದ ಬಂಗುಡೆ ಪುಳಿಮುಂಚಿ ಬಡಿಸುವಾಗ ಅತ್ತೆ ಮೊದಲ ಮೀನನ್ನು ನನಗೇ ಹಾಕುವುದು, ಆಗ ಎಲ್ಲರೂ ನಗುವುದು. ಹೆಂಡತಿಯ ತಮ್ಮ, “ಭಾವನಿಗೆ ತಲೆ ಇರುವ ತುಂಡೇ ಹಾಕಮ್ಮ” ಎನ್ನುವುದು, ಮತ್ತೆ ನಗುವುದು. ನನ್ನ ಬಂಗುಡೆಯ ಆಸೆಗೆ ನಗುತ್ತಾರೆ ಎಂದುಕೊಂಡು ನಾನೂ ನಗುತ್ತಿದ್ದೆ. ಹತ್ತೊಂಬತ್ತು ವರ್ಷ ನಕ್ಕಿದ್ದೇನೆ.

ಅವತ್ತು ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಹಾಕಿಕೊಟ್ಟರು. ಮಲಗಿದೆ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಉಂಟು, ಅದರ ಬೆಳಕನ್ನೇ ನೋಡುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ಈಗಲೂ ಹೇಳುತ್ತೇನೆ. ಮೂವರೂ ವೀಳ್ಯದೆಲೆಯ ತಟ್ಟೆ ಹಿಡಿದುಕೊಂಡು ಒಳಗಿನಿಂದ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತರು. ಆ ಮನೆಯ ಮಾತೆಲ್ಲ ತುಳು. ಕನ್ನಡದಲ್ಲಿ ಬರೆಯುವಾಗ ಅಷ್ಟರಮಟ್ಟಿಗೆ ಬದಲಾಗಿದೆ.

ತಮ್ಮ ಹೇಳಿದ: “ಬಂಗುಡೆ ಭಾವ ಮಲಗಿಯಾಯ್ತು.”

“ಮೆಲ್ಲ ಮಾತಾಡು ಮಾರಾಯ, ಎಚ್ಚರ ಆದೀತು” ಎಂದರು ಅತ್ತೆ.

“ಎಚ್ಚರ ಆದದ್ದು ಗೊತ್ತಾಗುವುದು ಹೇಗಮ್ಮ? ಎರಡಕ್ಕೂ ಒಂದೇ ಕಣ್ಣಲ್ವಾ?”

“ಗೊರಕೆ ಉಂಟಲ್ಲ” ಎಂದಳು ನನ್ನ ಹೆಂಡತಿ. “ಮದುವೆ ಆದ ಹೊಸತರಲ್ಲಿ ಅದೂ ಇರಲಿಲ್ಲ. ಎರಡು ಸಲ ಏನೋ ಕೇಳಿ ಉತ್ತರಕ್ಕೆ ಕಾದು ಕೂತಿದ್ದೇನೆ.”

ತಮ್ಮ ಬಾಗಿ ನನ್ನ ಮುಖ ನೋಡಿದ. ಅವನ ಕಣ್ಣನ್ನು ನಾನು ನೇರ ನೋಡುತ್ತಿದ್ದೆ. “ಮೀನು ತಾಜಾ ಅಂತ ಕಣ್ಣು ನೋಡಿ ಅಲ್ವಾ ಹೇಳುವುದು? ಇದು ಕೆಂಪು ಉಂಟು. ಎರಡು ದಿನದ ಮಾಲು.”

“ಸಾಕು, ಬಾಯಿ ಮುಚ್ಚು. ಪಾಪ” ಎಂದರು ಅತ್ತೆ. ಹೇಳುತ್ತ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದರು.

ಹೆಂಡತಿ ನಕ್ಕಳು. ಗೆಳತಿಯರ ಜತೆ ಫೋನಿನಲ್ಲಿ ನಗುವ ನಗು.

ನಾನು ಏಕೆ ಏಳಲಿಲ್ಲ? ಎದ್ದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಗಾಜಿನ ಹೆಂಚನ್ನೇ ನೋಡುತ್ತ ಉಳಿದೆ. ಮುಂದಿನ ನೆನಪು ಅತ್ತೆ ಚಹಾಕ್ಕೆ ಕರೆದದ್ದು. ಹಾಗಾದರೆ ನಡುವೆ ನಿದ್ದೆ ಬಂದಿತ್ತು. ಆ ಮಾತು ಕೇಳಿದ್ದು ನಿದ್ದೆಗೆ ಮೊದಲೋ, ನಿದ್ದೆಯ ಒಳಗೋ? ನನ್ನ ವಿದ್ಯಾರ್ಥಿ ಇಂಥ ಸಾಕ್ಷ್ಯ ತಂದಿದ್ದರೆ ವಾಪಸು ಕಳಿಸುತ್ತಿದ್ದೆ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ: “ನಿನ್ನ ತಮ್ಮ ನನ್ನನ್ನು ಬಂಗುಡೆ ಭಾವ ಅಂತ ಕರೆಯುತ್ತಾನಾ?”

“ಎಂತದು?”

“ಊಟ ಆದ ಮೇಲೆ. ಚಾವಡಿಯಲ್ಲಿ.”

ಅವಳು ಕಿಟಕಿಯ ಹೊರಗೆ ನೋಡಿದಳು. “ಊಟ ಆದ ಮೇಲೆ ನಾವು ಅಡುಗೆ ಮನೆಯಲ್ಲಿದ್ದೆವು. ನೀವು ಕನಸು ಕಂಡಿರಬೇಕು.”

ಕನಸೆಂದು ಒಪ್ಪಿಕೊಳ್ಳಲು ನಾನು ತಯಾರಿದ್ದೆ. ನನ್ನ ನೆನಪು ನನಗೆ ಮೊದಲೂ ಕೈಕೊಟ್ಟಿದೆ. ಆದರೆ ಡಾಕ್ಟರು ಕೇಳಿದ ಪ್ರಶ್ನೆಗೆ ಕನಸಿನಲ್ಲಿಯೂ ಬೇರೆ ಯಾರೋ ಉತ್ತರಿಸುತ್ತಿದ್ದಾರೆ ಎಂಬುದು ತಲೆಯಿಂದ ಹೋಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಮೊಬೈಲನ್ನು ಪುಸ್ತಕದ ಕಪಾಟಿನಲ್ಲಿ ಎರಡು ದಪ್ಪ ಪುಸ್ತಕಗಳ ನಡುವೆ ನಿಲ್ಲಿಸಿ, ವಿಡಿಯೊ ಶುರು ಮಾಡಿ, ಮಲಗಿದೆ. ಇಷ್ಟು ಸುಲಭದ ಪರೀಕ್ಷೆ ಎಂಟು ತಿಂಗಳ ನೋಟ್‌ಬುಕ್ಕಿನಲ್ಲಿ ಏಕೆ ಹೊಳೆಯಲಿಲ್ಲ? ಹೊಳೆಯುವ ಅಗತ್ಯ ಬೀಳಲಿಲ್ಲ. ಅವಳು ‘ಮುಚ್ಚುತ್ತದೆ’ ಎಂದಿದ್ದಳಲ್ಲ.

ಸಂಜೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನೋಡಿದೆ. ರೆಪ್ಪೆ ಇಳಿಯುತ್ತದೆ, ಇಳಿಯುತ್ತದೆ, ಮುಕ್ಕಾಲಿಗೆ ನಿಲ್ಲುತ್ತದೆ. ಕೆಳಗೆ ಒಂದು ಬಿಳಿಯ ಗೆರೆ. ಬಲಗಣ್ಣಿನಲ್ಲಿ ಕರಿಗುಡ್ಡೆಯ ಅಂಚೂ ಕಾಣುತ್ತದೆ. ಅದರ ಮೇಲೆ ಫ್ಯಾನಿನ ಗಾಳಿ. ಹೆಣದ ಮುಖ. ನನ್ನ ಮುಖ ಹಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅದರ ಪಕ್ಕದಲ್ಲಿ ಹತ್ತೊಂಬತ್ತು ವರ್ಷ ಒಬ್ಬಳು ಮಲಗಿದ್ದಾಳೆ.

ಇಪ್ಪತ್ತನೆಯ ನಿಮಿಷಕ್ಕೆ ಅವಳು ಬಂದಳು. ಕೈಯಲ್ಲಿ ಒದ್ದೆ ಬಟ್ಟೆ. ಬಾಗಿ ನೋಡಿದಳು. ಅಂಗೈಯನ್ನು ಹಣೆಯಿಂದ ಕೆಳಕ್ಕೆ ಇಳಿಸಿ ಎರಡೂ ರೆಪ್ಪೆ ಮುಚ್ಚಿಸಿದಳು. ಮೇಲೆ ಬಟ್ಟೆ ಇಟ್ಟಳು. ಸ್ವಲ್ಪ ಹೊತ್ತು ನಿಂತು ಹೋದಳು.

ಆ ಕೈಯ ಇಳಿತ ನನಗೆ ಗೊತ್ತಿತ್ತು. ಅದು ಅವಳದ್ದಲ್ಲ.

ಅಡುಗೆ ಮನೆಯಲ್ಲಿ ಅವಳು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಮೊಬೈಲನ್ನು ಸೊಪ್ಪಿನ ಪಕ್ಕದಲ್ಲಿಟ್ಟೆ. ಪೂರ್ತಿ ನೋಡಲಿಲ್ಲ, ಸೊಪ್ಪನ್ನು ಬದಿಗೆ ಸರಿಸಿದಳು. ಅವಳ ಮುಖದಲ್ಲಿ ಬಂದದ್ದು ಹೆದರಿಕೆಯಲ್ಲ, ನಿರಾಳ.

“ನೀವೇ ನೋಡಿದ್ದು ಅಲ್ವಾ? ನಾನು ಹೇಳಲಿಲ್ಲ.”

ವಿಷಯ ಇಷ್ಟು. ಮದುವೆಯ ಮೂರನೆಯ ದಿನ ಅಮ್ಮ ಅವಳನ್ನು ಕಾಪುವಿನ ಮನೆಯ ದೈವದ ಕೋಣೆಗೆ ಕರೆದುಕೊಂಡು ಹೋಗಿ, ದೀಪದ ಎದುರು ಕೈ ಮುಟ್ಟಿಸಿ ಭಾಷೆ ತೆಗೆದುಕೊಂಡಿದ್ದರು. ಅವನು ಕಣ್ಣು ಬಿಟ್ಟು ಮಲಗುತ್ತಾನೆ, ಅವನಿಗೆ ಅದನ್ನು ಯಾವತ್ತೂ ಹೇಳಬಾರದು. ಹೇಳಿದರೆ ನಿದ್ದೆಯಲ್ಲೂ ನೋಡಲು ಶುರುಮಾಡುತ್ತಾನೆ, ಆಮೇಲೆ ಅವನಿಗೆ ನಿದ್ದೆಯೇ ಇಲ್ಲ. ಕಂಡಾಗ ಕಣ್ಣು ಮುಚ್ಚಿಸು, ಅಷ್ಟೇ. ನಮ್ಮ ಕಡೆ ದೈವದ ಎದುರು ಕೊಟ್ಟ ಮಾತನ್ನು ಓದಿದವರೂ ಮುರಿಯುವುದಿಲ್ಲ. ಓದಿದವರು ಅದನ್ನು ನಂಬುವುದಿಲ್ಲ ಎನ್ನುತ್ತಾರೆ, ಮುರಿಯುವುದೂ ಇಲ್ಲ.

“ಡಾಕ್ಟರಿಗೆ ಹೇಳಬಹುದಿತ್ತು” ಎಂದೆ.

“ನೀವು ಪಕ್ಕದಲ್ಲೇ ಇದ್ದಿರಿ. ಅವರಿಗೆ ಹೇಳಿದರೆ ನಿಮಗೆ ಹೇಳಿದ ಹಾಗೇ ಅಲ್ವಾ?”

“ಮಾರನೆಯ ದಿನ ಫೋನ್ ಮಾಡಬಹುದಿತ್ತು. ಕಲೆಯಾಗುತ್ತದೆ ಅಂದದ್ದು ಕೇಳಿಸಲಿಲ್ಲವಾ?”

“ಅದಕ್ಕೇ ಒದ್ದೆ ಬಟ್ಟೆ ಇಡುತ್ತಿದ್ದೆ” ಎಂದಳು. “ಎಚ್ಚರವಾದಾಗೆಲ್ಲ ಎದ್ದು ಇಡುತ್ತಿದ್ದೆ, ನೀವು ಏಳುವ ಮೊದಲು ತೆಗೆಯುತ್ತಿದ್ದೆ. ನಿಮಗೆ ಯಾವ ದಿನ ಉರಿ ಇರುವುದಿಲ್ಲ ಅಂತ ನಿಮ್ಮ ಪುಸ್ತಕ ಇಲ್ಲದೆಯೂ ನನಗೆ ಗೊತ್ತಿರ್ತಿತ್ತು.”

ನನ್ನ ಎಂಟು ತಿಂಗಳ ಅಂಕಗಳು ಫ್ಯಾನಿನದ್ದಲ್ಲ, ಮಾತ್ರೆಯದ್ದಲ್ಲ. ಅವಳ ನಿದ್ದೆಯ ಲೆಕ್ಕ. ಆಕೆಗೆ ಎಚ್ಚರವಾದ ದಿನ ನನಗೆ ಸೊನ್ನೆ, ಗಾಢ ನಿದ್ದೆ ಬಂದ ದಿನ ಐದು. ನಾನು ಬೆಳಿಗ್ಗೆ ಗಂಭೀರವಾಗಿ ಅಂಕ ಬರೆಯುವುದನ್ನು ಅವಳು ದಿನವೂ ನೋಡಿದ್ದಾಳೆ. ನನ್ನ ಸಲುವಾಗಿ ಅವಳು ನಿದ್ದೆಗೆಟ್ಟದ್ದು ದೊಡ್ಡದು ಎಂದು ನನ್ನ ಬುದ್ಧಿ ಹೇಳುತ್ತದೆ. ಕೋಪ ಬುದ್ಧಿಯ ಮಾತು ಕೇಳುವುದಿಲ್ಲ.

“ಕಾರ್ಕಳದಲ್ಲಿ ಎಲ್ಲರಿಗೂ ಗೊತ್ತುಂಟಲ್ಲ.”

“ಭಾಷೆ ಕೊಟ್ಟದ್ದು ನಿಮಗೆ ಹೇಳುವುದಿಲ್ಲ ಅಂತ ಮಾತ್ರ.” ಸೊಪ್ಪನ್ನು ಮತ್ತೆ ಹತ್ತಿರ ಎಳೆದುಕೊಂಡಳು. “ಆದರೆ ಅಂದು ಚಾವಡಿಯಲ್ಲಿ ಯಾರೂ ಏನೂ ಹೇಳಲಿಲ್ಲ. ಇನ್ನು ನಾನು ಸುಳ್ಳು ಯಾಕೆ ಹೇಳಲಿ? ಅದು ನಿಮ್ಮ ಕನಸೇ. ಬಂಗುಡೆ ಅಂತ ಯಾರೂ ಕರೆಯುವುದಿಲ್ಲ.”

ಅಮ್ಮನ ಅಂಗೈಯ ಕಥೆಯನ್ನು ನಾನು ಹೇಳುವಾಗ ಅದು ಏನೆಂದು ಇವಳಿಗೆ ಗೊತ್ತಿತ್ತು. ಉತ್ತರಕ್ರಿಯೆಯ ದಿನ ಬೆನ್ನು ಸವರುವಾಗಲೂ ಗೊತ್ತಿತ್ತು. ಇದನ್ನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಆ ಅಂಗೈಯಲ್ಲಿ ಕೊತ್ತಂಬರಿಯ ವಾಸನೆ ನಿಜಕ್ಕೂ ಇತ್ತೇ ಎಂಬುದೇ ಈಗ ನನಗೆ ಖಚಿತವಿಲ್ಲ.

ಅದೇ ವಾರ ವಿಡಿಯೊ ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋದೆ. ಹೆಂಡತಿ ಬರುತ್ತೇನೆಂದಳು, ಬೇಡವೆಂದೆ. ಡಾಕ್ಟರು ವಿಡಿಯೊವನ್ನು ಎರಡು ಸಲ ಹಾಕಿ ನೋಡಿದರು. ಮತ್ತೆ ಹಳದಿ ಹನಿ, ನೀಲಿ ದೀಪ.

“ನಿಮ್ಮ ಮನೆಯವರು ಮುಚ್ಚುತ್ತದೆ ಅಂದಿದ್ರಲ್ಲ?”

“ಅವರು ಸರಿಯಾಗಿ ನೋಡಿರಲಿಲ್ಲ” ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

ಬಲಗಣ್ಣಿನ ಪಟ್ಟಿಯಲ್ಲಿ ಒಂದು ಕಡೆ ಕಲೆ ಕುಳಿತಿದೆ, ಅದು ಹೋಗುವುದಿಲ್ಲ. ನಡುವಿಗೆ ಬಂದಿಲ್ಲ. ಒಂದು ವರ್ಷ ಮೊದಲೇ ಗೊತ್ತಾಗಿದ್ದರೆ ಇದೂ ಇರುತ್ತಿರಲಿಲ್ಲ ಎಂದರು. ಹಗಲಿನ ಹನಿಯ ಜತೆ ಮಲಗುವಾಗ ಹಾಕಲು ದಪ್ಪನೆಯ ಜೆಲ್ ಬರೆದುಕೊಟ್ಟರು. ಅದರ ಮೇಲೆ, ಕಣ್ಣು ಪೂರ್ತಿ ಮುಚ್ಚಿಕೊಂಡು, ರೆಪ್ಪೆಗೆ ಮೆತ್ತಗಿನ ಕಾಗದದ ಟೇಪು. ಟೇಪಿನ ಅಡಿಯಲ್ಲಿ ಕಣ್ಣು ತೆರೆದುಕೊಂಡರೆ ಟೇಪೇ ಗುಡ್ಡೆಗೆ ತಾಗುತ್ತದೆ, ಅದು ಇನ್ನೂ ಅಪಾಯ, ಹಾಗಾಗಿ ಮನೆಯವರ ಹತ್ತಿರ ಹಾಕಿಸಿಕೊಳ್ಳಿ ಎಂದರು.

ಬಲಗಣ್ಣಿನ ಟೇಪು ನಾನೇ ಹಾಕಿಕೊಳ್ಳುತ್ತೇನೆ, ಎಡಗಣ್ಣು ಬಿಟ್ಟುಕೊಂಡು, ಕನ್ನಡಿ ನೋಡಿ. ಎಡಗಣ್ಣಿನದ್ದನ್ನು ಅಂದಾಜಿನಲ್ಲಿ. ಮೊದಲ ದಿನ ಹೆಂಡತಿ ಹಿಂದೆ ನಿಂತು, “ಓರೆ ಆಯ್ತು, ಕೊಡಿ ಇಲ್ಲಿ” ಎಂದಳು. ಕೊಡಲಿಲ್ಲ. ಎಡಗಣ್ಣಿನಲ್ಲಿ ಈಗಲೂ ಕೆಲವು ಬೆಳಿಗ್ಗೆ ಎರಡು, ಮೂರು ಅಂಕದ ಉರಿ ಇರುತ್ತದೆ. ಬಲಗಣ್ಣು ಒದ್ದೆಯಾಗಿ ತೆರೆಯುತ್ತದೆ. ಮೊದಲ ಸಲ ಹಾಗೆ ತೆರೆದಾಗ ನನಗೆ ಅದು ಬೇರೆಯವರ ಕಣ್ಣು ಎನಿಸಿತ್ತು.

ಉಳಿದದ್ದು ಒಂದೇ ಪ್ರಶ್ನೆ, ಚಾವಡಿಯ ಮಾತು ಕನಸೋ ಅಲ್ಲವೋ. ಉಳಿದ ಎಲ್ಲವನ್ನೂ ಅವಳು ಒಪ್ಪಿಕೊಂಡಿದ್ದಳು, ಇದೊಂದನ್ನು ಬಿಟ್ಟು. ಇಷ್ಟು ಒಪ್ಪಿಕೊಂಡವಳು ಇದನ್ನು ಮಾತ್ರ ಮುಚ್ಚಿಡಲು ಕಾರಣವಿಲ್ಲ ಎಂದು ಲೆಕ್ಕ ಹಾಕಿದೆ. ಹಾಗಾದರೆ ತಪ್ಪು ನನ್ನದು. ನಿದ್ದೆಯಲ್ಲಿ ನನ್ನ ತಲೆಯೇ ಆ ಮನೆಯವರ ಬಾಯಿಗೆ ಆ ಮಾತು ಹಾಕಿತು. ಹಾಗೆಂದು ನಂಬಿದರೆ ಅವಳ ಜತೆ ಮತ್ತೆ ಮೊದಲಿನ ಹಾಗೆ ಮಾತಾಡಬಹುದು ಎಂದು ಆಸೆಯಾಯಿತು. ನಂಬಲು ತೀರ್ಮಾನಿಸಿಯೇ ಅವಳ ಜತೆ ಕಾರ್ಕಳಕ್ಕೆ ಹೊರಟೆ. ಮಳೆ ನಿಂತು, ಮೀನು ಮತ್ತೆ ಬರತೊಡಗಿದ ದಿನಗಳು.

ಊಟಕ್ಕೆ ಕುಳಿತೆವು. ಕುಚ್ಚಲಕ್ಕಿ ಅನ್ನ. ಅತ್ತೆ ಪಾತ್ರೆ ಹಿಡಿದು ನನ್ನ ಹತ್ತಿರವೇ ಮೊದಲು ಬಂದರು. ನಾನು ತಲೆ ಎತ್ತಿ, ನಗಲು ಸಿದ್ಧನಾಗಿ, ಕಾದೆ.

ಪಾತ್ರೆಯಲ್ಲಿದ್ದದ್ದು ಕಾಣೆ ಮೀನು. ತಲೆ ತೆಗೆದು ತುಂಡು ಮಾಡಿದ್ದರು.

“ಬಂಗುಡೆ ಸಿಗಲಿಲ್ವಾ?” ಎಂದೆ.

“ಇಲ್ಲ” ಎಂದರು ಅತ್ತೆ.

“ಒಳ್ಳೇದಿರಲಿಲ್ಲ ಭಾವ” ಎಂದ ಹೆಂಡತಿಯ ತಮ್ಮ, ಅದೇ ಉಸಿರಿಗೆ.

ಯಾರೂ ನಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಊಟದಲ್ಲಿ ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡು ಉಂಡರು. ಹೆಂಡತಿ ಉಪ್ಪಿನಕಾಯಿ ಬೇಕಾ ಎಂದು ಎರಡು ಸಲ ಕೇಳಿದಳು. ಅದು ಬರೀ ನನ್ನ ಕನಸಿನ ಹೆಸರಾಗಿದ್ದರೆ ಇವರು ಇಷ್ಟು ನಾಚಿಕೊಳ್ಳಬೇಕಾಗಿರಲಿಲ್ಲ. ಅವಳು ಫೋನ್ ಮಾಡಿ ಎಚ್ಚರಿಸಿದ್ದಳು.

ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿದರು, ದಿಂಬನ್ನೂ ಇಟ್ಟರು.

“ಸ್ವಲ್ಪ ಅಡ್ಡ ಆಗಿ ಭಾವ” ಎಂದ ತಮ್ಮ.

“ನಿದ್ದೆ ಇಲ್ಲ” ಎಂದೆ.

ಗಾಜಿನ ಹೆಂಚಿನ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತೆ. ಹನಿಯ ಬಾಟಲಿಯನ್ನು ಮನೆಯಲ್ಲೇ ಮರೆತು ಬಂದಿದ್ದೆ. ಮೂವರೂ ಎದುರು ಕುಳಿತು ರಸ್ತೆಯ ಹೊಂಡದ ಬಗ್ಗೆ, ಪಕ್ಕದ ಮನೆಯವರ ಬಾವಿಯ ಬಗ್ಗೆ ಮಾತಾಡಿದರು. ಒಬ್ಬೊಬ್ಬರೂ ನಡುನಡುವೆ ನನ್ನ ಕಣ್ಣು ನೋಡಿ ಬೇಗ ದೃಷ್ಟಿ ತೆಗೆಯುತ್ತಿದ್ದರು. ಉರಿ ಏರುತ್ತಿತ್ತು. ಎರಡು ನಿಮಿಷ ರೆಪ್ಪೆ ಮುಚ್ಚಿದರೆ ಕಮ್ಮಿಯಾಗುತ್ತದೆ ಎಂದು ಗೊತ್ತಿತ್ತು. ಚಹಾ ಬರುವವರೆಗೂ ಮುಚ್ಚಲಿಲ್ಲ.